ಕಲ್ಲಬಾಗಿಲಿನ ಮೇಲಿನ ಗದ್ದೆ

"ಹಳ್ಳದಾಗ ಕೋಲು ನೆಟ್ಟು ಓದಾಕ ಸರಕಾರ ಪಗಾರ ಕೊಡತೈತೇನ್ಲೇ ದಾವಲಾ?"

ನನಗೆ ನೌಕರಿ ಸಿಕ್ಕ ಸುದ್ದಿ ಕೇಳಿ ಯಮನೂರಿನ ಕಟ್ಟೆಯ ಮೇಲೆ ಕೂತವರು ಹೀಗೆ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಳ್ಳ ಹೊಳೆಗಳಲ್ಲಿ ಎಷ್ಟು ನೀರು ಹರಿಯುತ್ತದೆ, ಮಳೆಗಾಲದಲ್ಲಿ ಎಲ್ಲಿಯವರೆಗೆ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ನೋಡಿ ಬರೆದಿಡುವುದೇ ನೀರಳತೆಯ ವಿಭಾಗದಲ್ಲಿ ನನ್ನ ಕೆಲಸ. ಕಳೆದ ಬೇಸಿಗೆಯಲ್ಲಿ ಅದೇ ವಿಭಾಗಕ್ಕೆ ಹೊಸದಾಗಿ ಸೇರಿದ ಸಹನಾ ಎಂಬ ಎಂಜಿನಿಯರ್ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದು, "ಸರ್, ಪುಸ್ತಕದಾಗ ಇಲ್ಲದ್ದು ಏನರ ಹೇಳ್ರಿ" ಎಂದಳು. ಹೇಳುತ್ತ ಹೋದೆ. ಕಪ್ಪಿನಲ್ಲಿದ್ದ ಚಹಾ ತಣ್ಣಗಾಯಿತು, ನನ್ನ ಮಾತು ಮುಗಿಯಲಿಲ್ಲ. ನನ್ನ ಹೆಂಡತಿ ಒಳಗಿನಿಂದ ಬಂದು, ಆ ಹುಡುಗಿಗೆ ಕೊನೆಯ ಬಸ್ಸು ತಪ್ಪೀತು ಎಂದು ಗದರಿದ ಮೇಲೆಯೇ ಎದ್ದದ್ದು.

ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ನಿವೃತ್ತಿಯ ದಿನ ಹೊದಿಸಿದ ಶಾಲು, ಇವು ಯಾರ ನೌಕರಿಯಲ್ಲಿಯಾದರೂ ಇರುವಂಥವು. ನಾನು ಹೇಳಬೇಕಾದದ್ದು ಕಲ್ಲಿನ ವಿಷಯ. ಕಲ್ಲು ಎಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಯಾಕೆಂದರೆ ನಾನು ಕಲ್ಲೇ ಇಲ್ಲದ ಊರಿನಲ್ಲಿ ಹುಟ್ಟಿದವನು. ನಮ್ಮ ಎರೆಭೂಮಿಯಲ್ಲಿ ನಾಯಿ ಓಡಿಸಬೇಕೆಂದರೂ ಕಲ್ಲು ಸಿಗುವುದಿಲ್ಲ, ಹೆಂಟೆ ಎಸೆಯಬೇಕು. ಅದೂ ಅರ್ಧ ದಾರಿಯಲ್ಲೇ ಪುಡಿಯಾಗಿ ನಾಯಿ ನಮ್ಮನ್ನೇ ನೋಡಿ ಬಾಲ ಅಲ್ಲಾಡಿಸುತ್ತದೆ.

ನನ್ನ ಮೊದಲ ಪರಾಕ್ರಮ ಬೆಣ್ಣಿಹಳ್ಳದಲ್ಲಿ ನಡೆಯಿತು. ನೀರಿನ ಮಟ್ಟ ಓದುವ ಗೇಜಿನ ಕಂಬವನ್ನು ದಂಡೆಯ ಪಕ್ಕದಲ್ಲಿ ಆಳವಾಗಿ ಹೂತು, ಕಪ್ಪು ಬಿಳಿ ಪಟ್ಟೆ ಬಳಿದು, ದೂರ ನಿಂತು ಅದನ್ನು ನೋಡಿ ಹೆಮ್ಮೆಪಟ್ಟಿದ್ದೆ. ಹಳ್ಳ ಹುಟ್ಟಿದೂರಿನದು, ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಧಿಮಾಕು ಬೇರೆ. ಮಳೆ ಬಂತು. ಹಳ್ಳ ಒಂದು ದಂಡೆಯನ್ನು ಕೆಡವಿಕೊಂಡು ಅತ್ತ ಸರಿಯಿತು, ಇತ್ತ ಹೂಳು ಹಾಕಿ ಹೋಯಿತು. ನಾನು ಹೋಗಿ ನೋಡಿದರೆ ಕಂಬ ಕೆಸರಿನ ಗಡ್ಡೆಯ ಮೇಲೆ ನಿಂತಿತ್ತು, ಬುಡದಲ್ಲಿ ಹನಿ ನೀರಿಲ್ಲ. ನಿಯಮ ಎಂದರೆ ನಿಯಮ ಎಂದುಕೊಂಡು ಸೊನ್ನೆ ಎಂದು ಬರೆದು ಕಳಿಸಿದೆ. ಆ ಹೊತ್ತಿಗೆ ಆಚೆ ದಂಡೆಯ ಜನ ನೀರು ಬಂತೆಂದು ಎತ್ತು ಎಮ್ಮೆಗಳನ್ನು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋಗುತ್ತಿದ್ದರು!

ನಮ್ಮ ಹಿರಿಯ ಅಧಿಕಾರಿ ಹಿರೇಮಠ ಸಾಹೇಬರು ಜೀಪಿನಲ್ಲಿ ಬಂದರು. ಕಂಬ ನೋಡಿದರು, ಹಳ್ಳ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ.

"ಲೇ ದಾವಲಾ, ಹಳ್ಳ ಎಲ್ಲೋ ಹರೀತೈತಿ, ನೀ ಎಲ್ಲೋ ನಿಂತು ಸೊನ್ನಿ ಬರದೀಯಲ್ಲೋ!" ಎಂದು ಬಾನೆಟ್ಟಿನ ಮೇಲೆ ಕೈಯೂರಿ ನಕ್ಕರು. ನಕ್ಕು ಮುಗಿಸಿ, "ಎರಿಮಣ್ಣಾಗ ಹಳ್ಳಕ್ಕ ಮನಿ ಅಂತ ಇರೂದಿಲ್ಲ. ಇವತ್ತು ಇಲ್ಲಿ, ನಾಳೆ ಅಲ್ಲಿ. ಅಳೀಬೇಕಂದ್ರ ಕಲ್ಲು ಹಳ್ಳಾನ ಹಿಡದಲ್ಲಿ ಅಳೀಬೇಕು" ಎಂದರು.

"ಕಲ್ಲು ಹೆಂಗ ಹಿಡೀತೈತ್ರಿ ಸರ್?"

"ಹತ್ತ ಜೀಪ."

ಹೀಗೆ ನನ್ನನ್ನು ನವಿಲುತೀರ್ಥಕ್ಕೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅದೇ ಕಪ್ಪು ನೆಲ, ಅದೇ ಕುಸುಬಿ, ಅದೇ ಜೋಳ. ಆಮೇಲೆ ಒಮ್ಮೆಲೇ ಅಡ್ಡಕ್ಕೆ ಮಲಗಿದ ಗುಡ್ಡ. ಗುಡ್ಡದ ನಡುವೆ ಯಾರೋ ಗರಗಸ ಹಾಕಿ ಸೀಳಿದಂಥ ಸಂದಿ. ಎರಡೂ ಕಡೆ ಕೆಂಪು ಕಲ್ಲಿನ ಗೋಡೆ. ಮಲಪ್ರಭೆ ಹಾದುಹೋಗುವುದು ಆ ಸಂದಿಯಲ್ಲಿ. ಅಣೆಕಟ್ಟು ಕಟ್ಟಿದವರು ಅದೇ ಸಂದಿಯನ್ನು ಯಾಕೆ ಆರಿಸಿದರೆಂದು ನೋಡಿದವನಿಗೆ ಕೇಳುವ ಅಗತ್ಯವೇ ಇಲ್ಲ. ನಾನು ಬಾಯಿ ತೆರೆದವನು ಮುಚ್ಚಲೇ ಇಲ್ಲ. ಎಂಥ ಎತ್ತರ! ಎಂಥ ಗಟ್ಟಿತನ! ಆ ಬದಿಯಲ್ಲಿ ಅಷ್ಟು ಅಗಲವಾಗಿ ಹರಡಿಕೊಂಡ ಹೊಳೆ ಇಲ್ಲಿ ಮೈ ಮುದುಡಿಕೊಂಡು ತೂರಿಹೋಗಿದೆ.

"ಸರ್, ಇದೇನ್ರಿ ಇದು? ಸುತ್ತ ಇಷ್ಟು ಬಯಲು ಬಿಟ್ಟು, ಹೊಳಿ ಗುಡ್ಡದಾಗ ಯಾಕ ನುಗ್ಗೇತಿ? ಸುತ್ತ ಹಾಕಿ ಹೋಗಬೇಕಿತ್ತಲ್ರಿ?"

ಸಾಹೇಬರು ಅಂಥ ಪ್ರಶ್ನೆಗೇ ಕಾಯುತ್ತಿದ್ದವರಂತೆ ಊಟದ ಗಂಟು ಬಿಚ್ಚಿದರು. ಒಂದು ಕಡಕ್ ರೊಟ್ಟಿ ತೆಗೆದು, ಮರಳಿನಲ್ಲಿ ಅದನ್ನು ನಿಲ್ಲಿಸಿ ಹೂತು, ಮೇಲೆ ಮರಳು ಮುಚ್ಚಿ ಸಪಾಟು ಮಾಡಿದರು. "ಈಗ ಗುಡ್ಡ ಎಲ್ಲೈತಿ?" ಎಂದರು. ಕಾಣುತ್ತಿರಲಿಲ್ಲ. ನೀರಿನ ಬಾಟಲಿ ತೆಗೆದು, ರೊಟ್ಟಿಗೆ ಅಡ್ಡವಾಗಿ ಸಣ್ಣ ಧಾರೆ ಬಿಡತೊಡಗಿದರು. ಧಾರೆ ಮರಳಿನ ಮೇಲೆ ತನ್ನ ದಾರಿ ಮಾಡಿಕೊಂಡಿತು. ಮರಳು ಕೊಚ್ಚಿಹೋಯಿತು, ಅಕ್ಕಪಕ್ಕದ ನೆಲ ಇಳಿಯಿತು, ರೊಟ್ಟಿಯ ಅಂಚು ಮೆಲ್ಲಗೆ ಮೇಲೆ ಕಾಣಿಸಿತು. ಧಾರೆ ಮಾತ್ರ ಹಿಡಿದ ದಾರಿ ಬಿಡಲಿಲ್ಲ. ಹರಿದಲ್ಲೇ ಹರಿದು, ಅಷ್ಟು ಜಾಗದಲ್ಲಿ ರೊಟ್ಟಿಯನ್ನು ನೆನೆಸಿ ಸೀಳಿಬಿಟ್ಟಿತು.

"ಗುಡ್ಡ ಎದ್ದು ನಿಂತಿಲ್ಲೋ ದಾವಲಾ, ಬಾಜೂದ ನೆಲ ಇಳದೈತಿ. ಹೊಳಿ ಮೊದಲ ಬಂದಿತ್ತು, ಗುಡ್ಡ ಆಮ್ಯಾಲೆ ಕಂಡೇತಿ. ಅಷ್ಟೊತ್ತಿಗೆ ಹೊಳಿ ಕೊರದಕೋತ ಕೆಳಗ ಇಳದಿತ್ತು, ಹೊರಗ ಬರಾಕ ದಾರಿ ಇರಲಿಲ್ಲ. ಮಣ್ಣಾಗ ದಂಡಿ ಕುಸೀತೈತಿ, ಹಳ್ಳ ಅಗಲ ಆಗತೈತಿ. ಇಲ್ಲಿ ದಂಡಿ ಕುಸಿಯೂದಿಲ್ಲ. ತಳ ಒಂದ ಕೊರೀಬೇಕು. ಅದಕ್ಕ ಇಕ್ಕಟ್ಟು."

ನಾನು ಕುಣಿಯುವುದೊಂದು ಬಾಕಿ. ಅಷ್ಟು ದೊಡ್ಡ ಗುಡ್ಡದ ಗುಟ್ಟು ಒಂದು ರೊಟ್ಟಿಯಲ್ಲಿ ಬಯಲಾಗಿತ್ತು! ಅವತ್ತು ಊಟಕ್ಕೆ ಇಬ್ಬರಿಗೂ ಒಂದು ರೊಟ್ಟಿ ಕಡಿಮೆ ಬಿತ್ತು, ಅದರ ಪರಿವೆಯೇ ನನಗಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಎಷ್ಟೋ ಹಳ್ಳಗಳನ್ನು ಅಳೆದೆ. ಬಟ್ಟಲುಗಳಿರುವ ಚಕ್ರವನ್ನು ನೀರಿಗಿಳಿಸಿ, ಅದು ತಿರುಗುವ ವೇಗದಿಂದ ನೀರಿನ ವೇಗ ತಿಳಿಯುವ ಮೀಟರು ಬಂತು. ಪ್ರವಾಹದಲ್ಲಿ ಮರದ ಟೊಂಗೆ ಸಿಕ್ಕಿ ಅದು ಎಳೆದುಕೊಂಡು ಹೋದರೆ ನಮ್ಮ ಜೀವವೂ ಜೊತೆಗೆ ಹೋಗುತ್ತಿತ್ತು. ಅದಕ್ಕೇ ದೊಡ್ಡ ನೀರು ಬಂದಾಗ ನಾವು ಹಳೆಯ ಪದ್ಧತಿಗೇ ಮರಳುತ್ತಿದ್ದೆವು. ಕಟ್ಟಿಗೆಯ ತುಂಡು ತೇಲಿಬಿಟ್ಟು, ಅದು ಒಂದು ಗುರುತಿನಿಂದ ಇನ್ನೊಂದಕ್ಕೆ ಎಷ್ಟು ಬೇಗ ಮುಟ್ಟುತ್ತದೆಂದು ನೋಡುವುದು. ಕಂದು ನೀರಿನಲ್ಲಿ ಕಂದು ಕಟ್ಟಿಗೆ ಕಾಣುವುದಿಲ್ಲ ಎಂಬುದೇ ತೊಂದರೆ. ಕಲಘಟಗಿಗೆ ವರ್ಗವಾದ ಮೇಲೆ ಅದಕ್ಕೂ ದಾರಿ ಸಿಕ್ಕಿತು. ಅಲ್ಲಿ ತೊಟ್ಟಿಲು ಮಾಡುವ ಮನೆಗೆ ಹೋಗಿ, ಉಳಿದ ಸಾಗವಾನಿ ತುಂಡುಗಳಿಗೆ ತೊಟ್ಟಿಲಿನ ಅರಗಿನ ಬಣ್ಣವನ್ನೇ ಹಾಕಿಕೊಡಿ ಎಂದು ಕೇಳಿದೆ. ಮುದುಕ ಕಾಕಾ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದ.

"ಈ ಬಣ್ಣದಾಗ ಜನಾ ಕೂಸು ಮಲಗಸ್ತಾರ. ನೀವು ಹಳ್ಳಕ್ಕ ಬಿಡ್ತೀರೇನ್ರಿ?"

"ಹಳ್ಳಾನೂ ತೂಗೂದು ಚೊಲೊ ತೂಗತೈತಿ ಕಾಕಾ" ಎಂದೆ. ನಕ್ಕು, ಕೆಂಪು ಒಂದಿಷ್ಟು, ಹಳದಿ ಒಂದಿಷ್ಟು ಮಾಡಿಕೊಟ್ಟ. ಎಂಥ ಹೊಳಪು! ಆ ತುಂಡುಗಳೇ ಮುಂದೆ ಒಂದು ಗದ್ದೆಯನ್ನು ಉಳಿಸಿದವು. ಈಗ ಆ ಗದ್ದೆಯ ವಿಷಯಕ್ಕೆ ಬರುತ್ತೇನೆ.

ಕಲಘಟಗಿಯಿಂದ ಪಡುವಣಕ್ಕೆ ಕಾಡಿನಂಚಿನಲ್ಲಿ ಒಂದು ಸಣ್ಣ ಊರು. ಸುತ್ತ ಗುಡ್ಡ, ನಡುವೆ ಭತ್ತದ ಗದ್ದೆ, ಗದ್ದೆಯ ಬದಿಗೆ ಹಳ್ಳ. ಗದ್ದೆ ಮುಗಿಯುವಲ್ಲಿ ಬಿಳಿಯ ಬೆಣಚುಕಲ್ಲಿನ ಒಂದು ಪಟ್ಟೆ ಗುಡ್ಡದಿಂದ ಗುಡ್ಡಕ್ಕೆ ಗೋಡೆಯಂತೆ ಅಡ್ಡ ಹಾದಿದೆ. ಅದರ ಮಧ್ಯೆ ಎರಡು ಎತ್ತಿನ ಗಾಡಿ ಒಟ್ಟಿಗೆ ಹಾಯಲಾರದಷ್ಟು ಸಂದಿ. ಹಳ್ಳ ಅದರೊಳಗೆ ನುಗ್ಗಿ, ಆಚೆ ಬದಿಯಲ್ಲಿ ಬಂಡೆಯಿಂದ ಬಂಡೆಗೆ ಹಾರುತ್ತ, ನೊರೆ ಕಾರುತ್ತ ಇಳಿಯುತ್ತದೆ. ಜನ ಅದನ್ನು ಕಲ್ಲಬಾಗಿಲು ಎನ್ನುತ್ತಾರೆ. ಬಾಗಿಲಿಗೆ ಹತ್ತಿರದ ಗದ್ದೆ ಗಂಗವ್ವನದು.

ಗಂಗವ್ವ ನನಗಿಂತ ಸ್ವಲ್ಪ ದೊಡ್ಡವಳು. ಗಂಡ ಮಾತು ಕಡಿಮೆಯವನು, ಅವನ ಪಾಲಿನದನ್ನೂ ಸೇರಿಸಿ ಅವಳೇ ಆಡುತ್ತಿದ್ದಳು. ನನ್ನ ನಿವೃತ್ತಿಗೆ ಕೆಲವು ವರ್ಷ ಮೊದಲು ಊರವರನ್ನು ಕಟ್ಟಿಕೊಂಡು ಕಚೇರಿಗೆ ಬಂದಳು.

"ಸಾಹೇಬ್ರ, ಮಳಿ ಬಂದಾಗೆಲ್ಲಾ ಗದ್ದ್ಯಾಗ ನೀರು ನಿಂತು ಭತ್ತ ಕೊಳೀತೈತಿ. ಆ ಕಲ್ಲು ಹಳ್ಳದ ಬಾಯಿ ಕಟ್ಟೇತಿ. ಅದನ್ನ ಹಾರಿಸಿಬಿಡ್ರಿ, ನಾವು ಬದುಕತೀವಿ."

ಆಗಿನ ನಮ್ಮ ಮೇಲಧಿಕಾರಿಗೆ ಇದು ಬಹಳ ಹಿಡಿಸಿತು. ಜನರೇ ಕೇಳುತ್ತಿದ್ದಾರೆ, ಕಲ್ಲು ಯಾರ ಆಸ್ತಿಯೂ ಅಲ್ಲ, ಕೊರೆದು ಮದ್ದು ತುಂಬಿ ಹಾರಿಸಿದರೆ ಒಂದೇ ದಿನದ ಕೆಲಸ. ಎಲ್ಲೆಲ್ಲಿ ಕೊರೆಯಬೇಕೆಂದು ಗುರುತು ಹಾಕಿ ಬಾ ಎಂದು ನನಗೆ ಹೇಳಿದರು. ನನಗೂ ಅದು ಸರಿ ಎನಿಸಿತು. ನವಿಲುತೀರ್ಥ ನೋಡಿ ಬಂದಿದ್ದರೂ ಒಳಗಿದ್ದವನು ಎರೆಭೂಮಿಯವನೇ. ನಮ್ಮ ಕಡೆ ಹಳ್ಳ ಕಟ್ಟಿತೆಂದರೆ ಸಲಿಕೆ ತಂದು ಕಡಿದುಬಿಡುತ್ತೇವೆ, ಮುಗಿಯಿತು. ಇಲ್ಲಿ ಮಣ್ಣಿನ ಬದಲು ಕಲ್ಲು, ಸಲಿಕೆಯ ಬದಲು ಮದ್ದು ಎಂದುಕೊಂಡೆ. ಕೆಂಪು ಬಣ್ಣದ ಡಬ್ಬಿ ಹಿಡಿದು ಕಲ್ಲು ಹತ್ತಿ, ಸಂದಿಯ ಎರಡೂ ಬದಿಗೆ ದುಂಡಗೆ ಗುರುತು ಹಾಕಿದೆ. ಚೆನ್ನಾಗಿ ಬಂದಿತ್ತು. ಒಂದು ಫೋಟೋ ತೆಗೆದು, ನಿವೃತ್ತರಾಗಿ ಧಾರವಾಡದಲ್ಲಿದ್ದ ಹಿರೇಮಠ ಸಾಹೇಬರಿಗೆ ಮೊಬೈಲಿನಲ್ಲಿ ಕಳಿಸಿದೆ. ಭಲೇ ಎನ್ನಿಸಿಕೊಳ್ಳುವ ಆಸೆ.

ಕೂಡಲೇ ಫೋನು ಬಂತು. "ಕಲ್ಲು ಭಾಳ ಚೊಲೊ ಬಂದೈತಿ. ಈಗ ತಿರುಗಿ ನಿಂತು ಒಂದು ತಗಿ."

ತಿರುಗಿದೆ. ಕಲ್ಲಿಗೆ ಬೆನ್ನು ಮಾಡಿ ನಿಂತು, ಕಂಡದ್ದನ್ನು ತೆಗೆದು ಕಳಿಸಿದೆ. ಮತ್ತೆ ಫೋನು.

"ಸುತ್ತ ಎಲ್ಲಾ ಗುಡ್ಡ. ನಡುವ ಅಂಗೈಯಂಗ ಸಪಾಟ ಗದ್ದಿ. ಈ ಮಣ್ಣು ಯಾರು ತಂದ್ರೋ ದಾವಲಾ?"

ಅಷ್ಟು ಕೇಳಿ ಇಟ್ಟುಬಿಟ್ಟರು. ಮೊದಲಿನಿಂದಲೂ ಅವರದು ಅದೇ ಚಾಳಿ. ಪ್ರಶ್ನೆ ಹಾಕಿ ಜೀಪು ಹತ್ತುವುದು.

ನಾನು ಡಬ್ಬಿ ಕೆಳಗಿಟ್ಟು ಕಲ್ಲಿನ ಮೇಲೇ ಕೂತೆ. ಆಚೆ ನೋಡಿದರೆ ಹಳ್ಳ ಬಹಳ ಕೆಳಗೆ ಬಂಡೆಗಳ ನಡುವೆ ಗುದ್ದಾಡುತ್ತಿದೆ. ಈಚೆ ನೋಡಿದರೆ ಗದ್ದೆಯ ಮಟ್ಟದಲ್ಲೇ ಸಾವಕಾಶ ಹರಿಯುತ್ತಿದೆ. ಆಚೆಯ ತಗ್ಗಿಗೂ ಈಚೆಯ ಗದ್ದೆಗೂ ನಡುವೆ ಇರುವುದು ನಾನು ಕೂತ ಕಲ್ಲು ಒಂದೇ! ಎದ್ದು ಓಡಿದೆ. ಗದ್ದೆಯ ದಂಡೆ ಕುಸಿದಿದ್ದ ಕಡೆ ಇಳಿದು ಬೆರಳಿನಿಂದ ಕೆದರಿದೆ. ಮೇಲೆ ಮೆಕ್ಕಲು, ಅದರ ಕೆಳಗೆ ಉಸುಕು, ಮತ್ತೆ ಮೆಕ್ಕಲು, ಮತ್ತೆ ಗುಂಡು ಹರಳು. ಎಲ್ಲಿಯೂ ಬಂಡೆಯಿಲ್ಲ. ಪ್ರತಿ ಮಳೆಗಾಲ ಗುಡ್ಡದಿಂದ ಇಳಿದ ನೀರು ಈ ಬಾಗಿಲಿಗೆ ಬಂದು ತಡೆದು, ನಿಧಾನವಾಗಿ, ಹೊತ್ತ ಮಣ್ಣನ್ನು ಇಳಿಸಿಟ್ಟು ಹೋಗಿದೆ. ಗುಡ್ಡದ ಮೆತ್ತನೆಯ ಪದರುಗಲ್ಲು ಕರಗಿ ಬಯಲು ಅಗಲವಾಗಿದೆ, ಬೆಣಚುಕಲ್ಲು ಕರಗದೆ ಬಾಗಿಲಾಗಿ ನಿಂತಿದೆ. ಈ ಕಲ್ಲು ಹಾರಿಸಿದರೆ ನಿಂತ ನೀರು ಇಳಿಯುತ್ತದೆ, ನಿಜ. ನೀರಿನ ಹಿಂದೆಯೇ ಗದ್ದೆಯೂ ಇಳಿದು ಹೋಗುತ್ತದೆ.

ಸಾಹೇಬರು ಕೇಳಿದ್ದನ್ನೂ ನಾನು ಕಂಡದ್ದನ್ನೂ ಗಂಗವ್ವನಿಗೆ ಹೋಗಿ ಹೇಳಿದೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಳು.

"ಕಲ್ಲು ಗದ್ದಿ ಮಾಡತೈತೇನ್ರಿ? ನಮ್ಮ ಅತ್ತಿ ಮಾವ ಬೆನ್ನು ಮುರಕೊಂಡು ಮಾಡಿದ ಗದ್ದಿ ಇದು. ನಾಳೆ ನಾಡಿದ್ದು ಮಿಶಿನ್ನು ಬರತೈತಿ, ಈಗ ಬಂದು ಪುರಾಣ ಹೇಳಬ್ಯಾಡ್ರಿ."

ನನ್ನ ಹತ್ತಿರ ರೊಟ್ಟಿ ಇರಲಿಲ್ಲ. ಇದ್ದಿದ್ದರೂ ಅವಳು ಅದಕ್ಕೆ ಬಗ್ಗುವವಳಲ್ಲ. ಅದಕ್ಕೆ ಬೇರೆ ಕೇಳಿದೆ. "ಅಕ್ಕಾ, ಈ ಸೀಮ್ಯಾಗ ಇಂಥಾ ಕಲ್ಲು ತಗದ ಹಳ್ಳ ಯಾವುದರ ಐತೇನು?"

ಅವಳು ಗುಡ್ಡದ ಕಡೆ ಕೈ ಮಾಡಿ, "ನಮ್ಮ ತವರಮನಿ ಹಳ್ಳದಾಗ ಇತ್ತು. ನಾ ಸಣ್ಣಾಕಿ ಇದ್ದಾಗ ರಸ್ತೇಕಂತ ಒಡಕೊಂಡು ಹೋದ್ರು" ಎಂದಳು. "ಹೋಗೂಣು ನಡಿ ಅಕ್ಕಾ" ಎಂದೆ. ಗಂಡನಿಗೆ ದನ ನೋಡಲು ಹೇಳಿ, ಗೊಣಗುತ್ತಲೇ ಹೊರಟಳು.

ಗುಡ್ಡ ಏರಿ ಇಳಿದೆವು. ಅಲ್ಲಿಯೂ ಅಂಥದೇ ಬಿಳಿಕಲ್ಲಿನ ಪಟ್ಟೆ ಹಾದಿತ್ತು. ಹಳ್ಳ ದಾಟುವಲ್ಲಿ ಮಾತ್ರ ಅದನ್ನು ಕಿತ್ತಿದ್ದರು. ಉಳಿಯ ಗೆರೆಗಳು ಇನ್ನೂ ಇದ್ದವು. ಅದರ ಮೇಲ್ಬದಿಗೆ ಇದ್ದ ಗದ್ದೆ ಎಲ್ಲಿ? ಗದ್ದೆ ಇರಬೇಕಾದಲ್ಲಿ ಬರೀ ಕೊರಕಲು, ಕೊರಕಲಿನಿಂದ ಕವಲೊಡೆದ ಇನ್ನಷ್ಟು ಕೊರಕಲು, ತಳದಲ್ಲಿ ಲಂಟಾನದ ಪೊದೆ. ಗಂಗವ್ವ ಅದರೊಳಗೆ ಇಳಿದು ನಿಂತಳು. ಅವಳ ತಲೆಗಿಂತ ಎಷ್ಟೋ ಮೇಲೆ, ಹಳೆಯ ಬದುವಿನ ಒಂದು ತುಂಡು ಹುಲ್ಲಿನ ಬೇರಿಗೆ ಜೋತುಕೊಂಡಿತ್ತು.

"ಅಲ್ಲಿ ನಮ್ಮಪ್ಪ ಸಸಿ ಹಚ್ಚತಿದ್ದ" ಎಂದಳು. ತಲೆ ಎತ್ತಿ ನೋಡಿ ಹೇಳಿದಳು. "ಮಳಿಗೆ ಹೋತು ಮಳಿಗೆ ಹೋತು ಅನಕೋತ ಸತ್ತ. ಮಳಿ ಮೊದಲೂ ಬರತಿತ್ತಲ್ಲೋ ತಮ್ಮಾ. ಕಲ್ಲು ತಗದ ಮ್ಯಾಲ ಹೋತು."

ಅಲ್ಲೇ ಕೂತು ಸೆರಗು ಬಾಯಿಗೆ ಹಿಡಿದುಕೊಂಡಳು. ನಾನು ಹೇಳಿದ್ದು ಖರೆ ಎಂದು ಕಣ್ಣೆದುರಿಗೇ ಕಂಡದ್ದಕ್ಕೆ ನಾನು ಒಳಗೊಳಗೇ ಕುಣಿಯುತ್ತಿದ್ದೆ. ಅವಳ ಮುಖ ನೋಡಿದ ಮೇಲೆ ನನ್ನ ಕುಣಿತಕ್ಕೆ ನನಗೇ ನಾಚಿಕೆಯಾಯಿತು.

ಮಿಶಿನ್ನು ಬಂತು. ಟ್ರ್ಯಾಕ್ಟರಿಗೆ ಕಟ್ಟಿದ ಕೊರೆಯುವ ಯಂತ್ರ, ನಾಲ್ಕಾರು ಆಳು. ಬಂದವರು ಕೆಂಪು ಗುರುತು ಹುಡುಕುತ್ತಿದ್ದರು. ಒಂದು ಗುರುತು ಸಿಗಲೇ ಇಲ್ಲ, ಯಾಕೆಂದರೆ ಅದರ ಮೇಲೆ ಗಂಗವ್ವ ಕೂತಿದ್ದಳು! ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಸಾವಕಾಶ ಕೂತಿದ್ದಳು. ಮೇಲಧಿಕಾರಿ ಓಡಿಬಂದರು.

"ಏನಮ್ಮಾ, ಅರ್ಜಿ ಕೊಟ್ಟವಳೂ ನೀನೇ, ಅಡ್ಡ ಕೂತವಳೂ ನೀನೇ?"

"ಹೌದ್ರೀ, ನಾನ ಕೇಳಿದ್ದೆ. ಈಗ ನಾನ ಬ್ಯಾಡಂತೀನಿ. ಈ ಕಲ್ಲು ಹೋದ್ರ ನನ್ನ ಗದ್ದಿ ಹೋಗತೈತಿ. ತವರಮನೀದು ಹೋಗಿದ್ದು ಸಾಕು."

ಅಧಿಕಾರಿ ಅವಳನ್ನು ಬಿಟ್ಟು ನನ್ನ ಮೇಲೆ ತಿರುಗಿದರು. ಗದ್ದೆಯ ಮಣ್ಣನ್ನು ಹಿಡಿದದ್ದು ಆ ಕಲ್ಲೇ, ನೀರು ನಿಲ್ಲಲು ಬೇರೆ ಕಾರಣ ಇರಬಹುದು ಎಂದೆ. ನೀರು ನಿಲ್ಲುವುದಕ್ಕೆ ಕಲ್ಲು ಕಾರಣವಲ್ಲವಾದರೆ ಮತ್ತೇನು ಕಾರಣ ಎಂದು ಈ ಮಳೆಗಾಲದಲ್ಲಿ ತೋರಿಸು, ಇಲ್ಲದಿದ್ದರೆ ಮಳೆ ಮುಗಿದ ಮೇಲೆ ಪೊಲೀಸರನ್ನು ನಿಲ್ಲಿಸಿ ಹಾರಿಸುತ್ತೇನೆ ಎಂದು ಹೇಳಿ ಹೋದರು. ಟ್ರ್ಯಾಕ್ಟರ್ ಹಿಂದಕ್ಕೆ ಹೋಯಿತು. ಗಂಗವ್ವ ಕಲ್ಲಿನಿಂದ ಇಳಿದು ನನ್ನೆದುರು ನಿಂತಳು.

"ತಮ್ಮಾ, ನಿನ್ನ ಮಾತು ಕೇಳಿ ಕಲ್ಲು ಉಳಿಸೀನಿ. ಈಗ ನನ್ನ ಭತ್ತ ಉಳಿಸು."

ಸೇವೆಯಲ್ಲಿ ನನಗೆ ಅಂಥ ಆದೇಶ ಯಾವ ಅಧಿಕಾರಿಯಿಂದಲೂ ಬಂದಿರಲಿಲ್ಲ. ಅವಳ ಭತ್ತ ಕೊಳೆತರೆ ಊರೇ ಮತ್ತೆ ಕಲ್ಲು ಹಾರಿಸಿ ಎನ್ನುತ್ತದೆ. ಕಲ್ಲು ಹಾರಿದರೆ ಗದ್ದೆಯೇ ಇಲ್ಲ. ಮೋಡ ಕಂಡರೆ ಖುಷಿಯೂ ಭಯವೂ ಒಟ್ಟಿಗೇ ಬರುತ್ತಿದ್ದವು.

ಸಸಿ ನಾಟಿ ಮುಗಿದು ಕೆಲವು ದಿನಕ್ಕೆ ಜಡಿಮಳೆ ಹಿಡಿಯಿತು. ಬೆಳಗಿನ ಹೊತ್ತಿಗೆ ನಾನು ತೊಟ್ಟಿಲ ಬಣ್ಣದ ತುಂಡುಗಳ ಚೀಲ ಹೊತ್ತು ಅಲ್ಲಿ ಮುಟ್ಟಿದಾಗ ಕಲ್ಲಬಾಗಿಲಿನ ಸದ್ದು ಊರಿನವರೆಗೂ ಕೇಳುತ್ತಿತ್ತು. ಅಬ್ಬಬ್ಬಾ! ಈಚೆ ತುಂಬಿ ನಿಂತ ಕಂದು ನೀರು ಸಂದಿಗೆ ಬಂದು ಬೆನ್ನು ಬಗ್ಗಿಸಿ ನುಗ್ಗುತ್ತಿತ್ತು. ಆಚೆ ಅದು ಇಳಿಯುತ್ತಿರಲಿಲ್ಲ, ಬೀಳುತ್ತಿತ್ತು, ಏಳುತ್ತಿತ್ತು, ಬಂಡೆಗೆ ಬಡಿದು ಹಿಂದಕ್ಕೇ ಮಗುಚುತ್ತಿತ್ತು. ನೀರಿನ ತಳದಲ್ಲಿ ಕಲ್ಲುಗಳು ಉರುಳುವ ದಡದಡ ಸದ್ದು ಕಾಲಿನ ಕೆಳಗೆ ತಿಳಿಯುತ್ತಿತ್ತು. ಕೆಂಪು ತುಂಡುಗಳನ್ನು ಹಳ್ಳಕ್ಕೆ ಬಿಟ್ಟೆ. ಹಳ್ಳದ ನೀರು ಗದ್ದೆಯ ಒಡ್ಡನ್ನು ದಾಟಿ ಒಳಗೆ ಬರುತ್ತಿದ್ದಂತೆ ಹಳದಿ ತುಂಡುಗಳನ್ನು ಗದ್ದೆಯೊಳಕ್ಕೆ ಬಿಟ್ಟೆ. ಕೆಂಪಿನವು ಒಂದರ ಹಿಂದೊಂದು ಬಾಗಿಲಿಗೆ ನುಗ್ಗಿ, ನೊರೆಯಲ್ಲಿ ಒಮ್ಮೆ ಮಿಂಚಿ ಮಾಯವಾದವು.

ಮಧ್ಯಾಹ್ನ ಮಳೆ ನಿಂತಿತು. ಇಳಿಹೊತ್ತಿಗೆ ಹಳ್ಳ ಇಳಿಯತೊಡಗಿತು, ನೋಡನೋಡುತ್ತ ಮೊಣಕಾಲಿನಷ್ಟು ಇಳಿಯಿತು. ಕಲ್ಲಬಾಗಿಲು ನೀರನ್ನು ಹಿಡಿದಿಟ್ಟುಕೊಂಡಿರಲಿಲ್ಲ, ಸ್ವಲ್ಪ ಹೊತ್ತು ತಡೆದು ಬಿಟ್ಟುಕೊಟ್ಟಿತ್ತು. ಹಾಗಾದರೆ ಗದ್ದೆಯಲ್ಲಿ? ತಿರುಗಿ ನೋಡಿದೆ. ಹಳದಿ ತುಂಡುಗಳು ಒಂದೂ ಹೋಗಿರಲಿಲ್ಲ! ಗದ್ದೆಯ ಕೆಳಮೂಲೆಯಲ್ಲಿ ಬಾತುಕೋಳಿಗಳಂತೆ ಗುಂಪುಗೂಡಿ ಸುಮ್ಮನೆ ತೇಲುತ್ತಿದ್ದವು. ಅವುಗಳ ಮುಂದೆ ಅಡ್ಡಲಾಗಿ ನಿಂತದ್ದು ಗಂಗವ್ವನ ಒಡ್ಡು. ಹಳ್ಳದ ನೀರು ಒಳಗೆ ಬರಬಾರದೆಂದು ಗಂಡ ಹೆಂಡಿರು ಪ್ರತಿ ಬೇಸಿಗೆ ಮಣ್ಣು ಏರಿಸಿ ಏರಿಸಿ ಎದೆಯೆತ್ತರ ಮಾಡಿದ ಒಡ್ಡು. ದೊಡ್ಡ ನೀರು ಅದನ್ನು ದಾಟಿ ಒಳಗೆ ಬರುತ್ತಿತ್ತು, ಹೊರಗೆ ಹೋಗಲು ದಾರಿಯಿರಲಿಲ್ಲ.

"ಅಕ್ಕಾ, ಒಡ್ಡು! ನಿನ್ನ ಒಡ್ಡು ಅಕ್ಕಾ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಅವಳು ಒಡ್ಡಿನ ಮೇಲೆ ಬಂದು ನಿಂತಳು. ಬಲಕ್ಕೆ ಇಳಿದು ಹೋದ ಹಳ್ಳ, ಎಡಕ್ಕೆ ತುಂಬಿ ನಿಂತ ಗದ್ದೆ, ಗದ್ದೆಯಲ್ಲಿ ಹಳದಿ ತುಂಡುಗಳು. ಅತ್ತ ನೋಡಿದಳು, ಇತ್ತ ನೋಡಿದಳು. ಯಾರಿಗೂ ಏನೂ ಹೇಳದೆ ಗಂಡನ ಕೈಯಿಂದ ಸಲಿಕೆ ಕಿತ್ತುಕೊಂಡು ಕೆಳಮೂಲೆಯಲ್ಲಿ ಒಡ್ಡು ಕಡಿಯಲು ನಿಂತಳು. ನಾನೂ ಅವಳ ಗಂಡನೂ ಕೈ ಹಾಕಿದೆವು. ಒಡ್ಡು ಬಾಯಿ ಬಿಟ್ಟ ಕಡೆ ಹಳದಿ ತುಂಡುಗಳು ನುಗ್ಗಿ ಬಂದವು, ನಮ್ಮ ಕಾಲಿಗೆ ಬಡಿದು ಹಳ್ಳ ಸೇರಿದವು. ಮಾತಾಡದ ಆ ಮನುಷ್ಯ, "ಹೋದೂ! ಹೋದೂ!" ಎಂದು ಕೂಗುತ್ತ ದಂಡೆಯ ಗುಂಟ ಅವುಗಳ ಹಿಂದೆ ಓಡಿದ. ಮಾರನೆಯ ದಿನ ಸಸಿಗಳು ತಲೆ ಎತ್ತಿ ನಿಂತಿದ್ದವು. ಅದನ್ನು ಬಂದು ನೋಡಿದ ಮೇಲಧಿಕಾರಿ ಕಲ್ಲು ಹಾರಿಸುವ ಮಾತು ಕೈಬಿಟ್ಟರು.

ಒಂದು ಸಂಗತಿ ಉಳಿದಿತ್ತು. ಕಡಿದ ಬಾಯಿಯನ್ನು ಹಾಗೇ ಬಿಟ್ಟರೆ ಅದೇ ಕೊರೆದುಕೊಂಡು ದೊಡ್ಡದಾಗುತ್ತದೆ. ಇದನ್ನು ಹೇಳಲು ನಾನು ಬಾಯಿ ತೆರೆಯುವ ಮೊದಲೇ ಗಂಗವ್ವ ಹಳ್ಳದಿಂದ ಬಿಳಿಕಲ್ಲು ಹೊತ್ತು ತರತೊಡಗಿದ್ದಳು. "ಇಲ್ಲೂ ಒಂದು ಕಲ್ಲಬಾಗಲಾ ಇಡೂಣು ತಮ್ಮಾ. ಹೆಚ್ಚಿಗಿ ನೀರು ಹೋಗಲಿ, ಮಣ್ಣು ನಿಲ್ಲಲಿ." ಅದನ್ನೇ ಫೋನಿನಲ್ಲಿ ಹೇಳಿದಾಗ ಹಿರೇಮಠ ಸಾಹೇಬರು "ಭಲೇ" ಎಂದರು. ನನಗೋ ಅವಳಿಗೋ ಗೊತ್ತಾಗಲಿಲ್ಲ, ನಾನೂ ಕೇಳಲಿಲ್ಲ.

ನೀರು ತಿಳಿಯಾದ ಮೇಲೆ ಒಂದು ದಿನ ಅವಳನ್ನು ಕಲ್ಲಿನ ಮೇಲೆ ಕರೆದುಕೊಂಡು ಹೋಗಿ ಸಂದಿಯ ಅಂಚಿನಲ್ಲಿದ್ದ ದುಂಡು ಗುಂಡಿಗಳನ್ನು ತೋರಿಸಿದೆ. ಕೈ ಹಾಕಿದಳು. ನುಣ್ಣಗಿನ ಒಳಮೈ, ತಳದಲ್ಲಿ ನುಣ್ಣಗಿನ ಗುಂಡುಕಲ್ಲು.

"ಅಯ್ಯ, ಒಳ್ಳು! ಗುಂಡೂ ಐತಿ!"

ಸುಳಿಯಲ್ಲಿ ಸಿಕ್ಕ ಕಲ್ಲು ತಿರುಗಿ ತಿರುಗಿ ರುಬ್ಬಿ ಈ ಒರಳು ಮಾಡುತ್ತದೆ, ಒರಳಿಗೆ ಒರಳು ಕೂಡಿ ಸಂದಿ ಆಳವಾಗುತ್ತದೆ, ಕಲ್ಲನ್ನು ಕೊರೆಯುವುದು ಬರೀ ನೀರಿನ ಕೈಲಾಗುವ ಕೆಲಸವಲ್ಲ, ನೀರು ಹಿಡಿದು ತಂದ ಕಲ್ಲಿನದು ಎಂದೆ. ಅವಳಿಗೆ ಚಿಂತೆಯಾಯಿತು. "ಹಂಗಾರ ಈ ಬಾಗಲಾನೂ ಸವೀತೈತೇನೋ?" "ಸವೀತೈತಿ ಅಕ್ಕಾ. ಆದ್ರ ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಗೊತ್ತಾಗೂದಿಲ್ಲ, ಅಷ್ಟು ಸಾವಕಾಶ." "ಸವೀಲಿ ಬಿಡು. ಸರಕಾರದ ಮಿಶಿನ್ನಿಗಿಂತ ಅದು ಚೊಲೊ" ಎಂದಳು.

ಈಗ ನೀರಿನ ಮೇಲೆ ಕಣ್ಣಿಡಲು ಸೇತುವೆಗೆ ಕಟ್ಟಿದ ರೇಡಾರಿದೆ. ಮಟ್ಟ ತಾನೇ ಮೊಬೈಲಿಗೆ ಬರುತ್ತದೆ. ಸೊನ್ನೆ ಬರೆಯುವ ದಾವಲಸಾಬನ ಅಗತ್ಯ ಯಾರಿಗೂ ಇಲ್ಲ. ನನಗೆ ಅದರ ಬೇಜಾರಿಲ್ಲ, ಹೊಸ ಯಂತ್ರ ಕಂಡರೆ ನಾನೇ ಮುಂದೆ ಹೋಗಿ ಮುಟ್ಟಿ ನೋಡುವವನು. ಈ ಮಳೆಗಾಲದ ಕೊನೆಗೆ ಸಹನಾಳನ್ನು ಕರೆದುಕೊಂಡು ಕಲ್ಲಬಾಗಿಲಿಗೆ ಹೋಗಿದ್ದೆ. ಆ ಕಣಿವೆಯ ನಕ್ಷೆ ಮಾಡುವುದು ಅವಳ ಮೊದಲ ಕೆಲಸ. ಡ್ರೋನು ಹಾರಿಸಿದಳು. ಅದು ಸಂದಿಯ ಮೇಲೆ ಗುಂಯ್‌ಗುಡುತ್ತ ನಿಂತು ಕಲ್ಲಿನ ಚಿತ್ರ, ನೊರೆಯ ಚಿತ್ರ ತೆಗೆಯಿತು. "ಸರ್, ಏನ್ ಚಂದ ಬಂದೈತ್ರಿ! ಆದ್ರ ಇಲ್ಲಿ ಭಾಳ ಇಕ್ಕಟ್ಟೈತಿ, ಸ್ವಲ್ಪ ಅಗಲ ಮಾಡಿದ್ರ ಮ್ಯಾಲಿನವರಿಗೆ ಅನುಕೂಲ ಆಗತೈತೇನೋ" ಎಂದು ಡ್ರೋನು ನಡೆಸುವ ಡಬ್ಬಿಯ ತೆರೆಯನ್ನು ನನಗೆ ತೋರಿಸಿದಳು. ಅಷ್ಟರಲ್ಲಿ ಕೋಲೂರಿಕೊಂಡು ಗಂಗವ್ವ ಬರುತ್ತಿದ್ದಳು. ಈಗ ಬೆನ್ನು ಬಾಗಿದೆ, ದನಿ ಬಾಗಿಲ್ಲ.

"ಯವ್ವಾ, ಆ ಹಕ್ಕೀನ ಹಿಂದಕ ತಿರುಗಿಸು" ಎಂದಳು.

ಸಹನಾ ನನ್ನ ಮುಖ ನೋಡಿದಳು. ನಾನು ಕಣ್ಣು ತಪ್ಪಿಸಿದೆ. ಅವಳು ಡ್ರೋನನ್ನು ತಿರುಗಿಸಿದಳು. ತೆರೆಯ ಮೇಲೆ ಕಲ್ಲು ಸರಿದು ಗುಡ್ಡಗಳು ಬಂದವು, ಗುಡ್ಡಗಳ ನಡುವೆ ಕೊಯ್ಲಿಗೆ ಬಂದ ಭತ್ತ ಬಂತು.

"ಈ ಮಣ್ಣು ಯಾರು ತಂದ್ರು?" ಎಂದಳು ಗಂಗವ್ವ.

ಹುಡುಗಿ ತೆರೆ ನೋಡಿದಳು. ತೆರೆ ಬಿಟ್ಟು ಗದ್ದೆ ನೋಡಿದಳು. ಕಲ್ಲಿನ ಆಚೆಯ ತಗ್ಗು ಬಗ್ಗಿ ನೋಡಿದಳು. ಆಮೇಲೆ ಡ್ರೋನನ್ನು ಕೆಳಗಿಳಿಸಿ, ಅದರ ಡಬ್ಬಿಯನ್ನು ನನ್ನ ಕೈಗೆ ತುರುಕಿ, ಚಪ್ಪಲಿ ಬಿಟ್ಟು ದಂಡೆಗೆ ಇಳಿದು ಉಗುರಿನಿಂದ ಕೆದರತೊಡಗಿದಳು. ಮೆಕ್ಕಲು, ಉಸುಕು, ಹರಳು. ಅವಳು ಕೆಸರು ಮೆತ್ತಿದ ಕೈ ಎತ್ತಿ ಕೆಳಗಿನಿಂದಲೇ ಕೂಗಿದಳು.

"ಹಳ್ಳ ತಂದೈತ್ರಿ! ಆ ಕಲ್ಲು ಹಿಡದೈತಿ! ಅಯ್ಯೋ, ಅದನ್ನ ಮುಟ್ಟಬಾರದ್ರಿ ಸರ್!"

ಗಂಗವ್ವ ನನ್ನ ಕಡೆ ನೋಡಲೂ ಇಲ್ಲ. ಕೋಲನ್ನು ಇನ್ನೊಂದು ಕೈಗೆ ಬದಲಿಸಿ, ಹುಡುಗಿಯನ್ನು ಮೇಲೆ ಹತ್ತಿಸಿಕೊಳ್ಳಲು ಕೈ ಚಾಚಿದಳು.

"ಕೈ ತೊಳಕೋ ಬಾ ಯವ್ವಾ, ಊಟಕ್ಕ ಕೂಡೂಣು. ಅನ್ನ ಇದ ಗದ್ದೀದು."